ವೈದ್ಯರೂ ಆಸ್ಪತ್ರೆಗಳೂ: ಒಂದು ಜೋಡಣೆಯ ಗಣಿತ

ಪ್ರತಿವರ್ಷವೂ ಮಾರ್ಚ್ ತಿಂಗಳ ಮೂರನೆಯ ವಾರದ ಸೋಮವಾರದಂದು, ಅಮೆರಿಕ ಸಂಯುಕ್ತ ಸಂಸ್ಥಾನದ ಆಸ್ಪತ್ರೆಗಳಲ್ಲಿ ತರಬೇತಿಯನ್ನು ಬಯಸಿರುವ ನಲವತ್ತು ಸಾವಿರಕ್ಕೂ ಮಿಗಿಲಾದ ತರುಣ ವೈದ್ಯರಿಗೆ ಏಕಕಾಲದಲ್ಲಿ ಒಂದು ಸಂದೇಶವು ಮುಟ್ಟುತ್ತದೆ. ಸ್ಥಾನ ದೊರೆತಿದೆಯೆ, ಇಲ್ಲವೆ ಎಂಬ ಒಂದೇ ಸಂಗತಿ ಅದರಲ್ಲಿರುತ್ತದೆ. ಯಾವ ಊರು, ಯಾವ ಆಸ್ಪತ್ರೆ ಎಂಬುದು ತಿಳಿಯಬೇಕಾದರೆ ಅದೇ ವಾರದ ಶುಕ್ರವಾರದವರೆಗೆ ಕಾಯಬೇಕು. ಈ ವೈದ್ಯರಲ್ಲಿ ಸಾವಿರಾರು ಮಂದಿ ಅಮೆರಿಕದಲ್ಲಿ ಓದಿದವರಲ್ಲ. ಭಾರತ, ಪಾಕಿಸ್ತಾನ, ಈಜಿಪ್ಟ್, ನೈಜೀರಿಯ ಮೊದಲಾದ ದೇಶಗಳಲ್ಲಿ ಪದವಿಯನ್ನು ಪಡೆದವರು. ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಮಣಿಪಾಲಗಳ ಕಾಲೇಜುಗಳಲ್ಲಿ ಕಲಿತು ಈ ಹಾದಿಯನ್ನು ಹಿಡಿದ ಕನ್ನಡಿಗರೂ ಹಲವರುಂಟು. ಎರಡು ಮೂರು ವರ್ಷಗಳ ಪರಿಶ್ರಮ, ತಂದೆತಾಯಿಗಳು ಕೂಡಿಸಿಟ್ಟ ಹಣ, ಮುಂದಿನ ಬಾಳಿನ ನೆಲೆ, ಇವೆಲ್ಲವೂ ಆ ಒಂದು ಸಾಲನ್ನೇ ನೆಚ್ಚಿಕೊಂಡಿರುತ್ತವೆ.

ಆ ಸಾಲನ್ನು ಬರೆಯುವುದು ಒಂದು ಗಣಕಯಂತ್ರ. ಯಂತ್ರವು ಯಾರ ಹೆಸರನ್ನು ಎಲ್ಲಿಗೆ ಎಸೆಯುತ್ತದೆಯೋ ಬಲ್ಲವರಾರು, ಎಲ್ಲವೂ ಹಣೆಯ ಬರಹ, ಎಂದು ನಿಟ್ಟುಸಿರಿಡುವವರನ್ನು ನಾವು ಕಂಡಿದ್ದೇವೆ. ಆದರೆ ಆ ಯಂತ್ರವು ಅನುಸರಿಸುವ ನಿಯಮವು ಪ್ರೌಢಶಾಲೆಯ ವಿದ್ಯಾರ್ಥಿಯೂ ಕಾಗದದ ಮೇಲೆ ಮಾಡಿ ನೋಡಬಹುದಾದಷ್ಟು ಸರಳವಾಗಿದೆ. ಅದನ್ನು ಅರಿತುಕೊಂಡರೆ ಅದು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದೂ ತಿಳಿಯುತ್ತದೆ. ಹೊರನಾಡಿಗೆ ಹೊರಟ ವೈದ್ಯನಿಗೆ ಈ ಎರಡನೆಯ ತಿಳಿವಳಿಕೆಯು ಮೊದಲನೆಯದಕ್ಕಿಂತ ಹೆಚ್ಚು ಅವಶ್ಯಕವೆಂದು ನಮ್ಮ ಅಭಿಪ್ರಾಯ.

ಇಂಟರ್ನ್‌ಷಿಪ್ ಎಂದರೇನು?

ವೈದ್ಯವಿದ್ಯೆಯು ಪುಸ್ತಕದಿಂದ ಮಾತ್ರ ಬರತಕ್ಕದ್ದಲ್ಲ. ರೋಗಿಯ ಮಗ್ಗುಲಲ್ಲಿ ನಿಂತು, ಹಿರಿಯರ ಕಣ್ಣೆದುರಿನಲ್ಲಿ ಕೈಯಾರೆ ಮಾಡಿ ಕಲಿಯಬೇಕಾದ ಭಾಗವು ಅದರಲ್ಲಿ ಬಹಳವಾಗಿದೆ. ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಯು ನಾಲ್ಕೂವರೆ ವರ್ಷಗಳ ವ್ಯಾಸಂಗವನ್ನು ಮುಗಿಸಿದ ಮೇಲೆ ಒಂದು ವರ್ಷ ಕಾಲ ಆಸ್ಪತ್ರೆಯ ವಿಭಾಗದಿಂದ ವಿಭಾಗಕ್ಕೆ ಸರದಿಯ ಮೇಲೆ ಕೆಲಸ ಮಾಡಬೇಕು. ಇದೇ ಇಂಟರ್ನ್‌ಷಿಪ್. ಇಂಥವರನ್ನು ಹೌಸ್ ಸರ್ಜನ್ ಎಂದು ಕರೆಯುವ ವಾಡಿಕೆ ನಮ್ಮಲ್ಲಿ ಇನ್ನೂ ಉಳಿದಿದೆ.

ಅಮೆರಿಕದಲ್ಲಿ ಪದವಿಯು ಮೊದಲು, ಇಂಟರ್ನ್‌ಷಿಪ್ ಅನಂತರ. ೧೯೭೫ರಿಂದೀಚೆಗೆ ಅಲ್ಲಿ ಅದನ್ನು ಪ್ರತ್ಯೇಕವಾದ ತರಬೇತಿಯಾಗಿ ಎಣಿಸದೆ, ರೆಸಿಡೆನ್ಸಿ ಎಂಬ ದೀರ್ಘ ತರಬೇತಿಯ ಮೊದಲನೆಯ ವರ್ಷವಾಗಿ ಎಣಿಸುತ್ತಾರೆ. ರೆಸಿಡೆನ್ಸಿಯು ಆರಿಸಿಕೊಂಡ ಶಾಖೆಗೆ ತಕ್ಕಂತೆ ಸಾಮಾನ್ಯವಾಗಿ ಮೂರರಿಂದ ಏಳು ವರ್ಷ ನಡೆಯುತ್ತದೆ. ಆ ದೇಶದಲ್ಲಿ ಇಂಥ ತರಬೇತಿಯಿಲ್ಲದೆ ಸ್ವತಂತ್ರವಾಗಿ ವೈದ್ಯವೃತ್ತಿಯನ್ನು ನಡೆಸಲು ಪರವಾನಗಿ ದೊರೆಯುವುದು ಬಹು ವಿರಳ. ೨೦೨೩ರಿಂದೀಚೆಗೆ ಟೆನೆಸ್ಸೀಯಂಥ ಕೆಲವು ರಾಜ್ಯಗಳು ಮಾತ್ರ ಈ ನಿಯಮವನ್ನು ಸಡಿಲಿಸುವ ಕಾಯಿದೆಗಳನ್ನು ಮಾಡಿವೆ. ಆದಕಾರಣ ತನ್ನ ದೇಶದಲ್ಲಿ ಹತ್ತು ವರ್ಷ ಶಸ್ತ್ರಚಿಕಿತ್ಸೆ ಮಾಡಿದವನೂ ಅಲ್ಲಿಗೆ ಹೋದಾಗ ಪ್ರಾಯಶಃ ಮೊದಲನೆಯ ಮೆಟ್ಟಿಲಿನಿಂದಲೇ ಹತ್ತಬೇಕಾಗುತ್ತದೆ. ಆ ಮೊದಲನೆಯ ಮೆಟ್ಟಿಲಿಗಾಗಿಯೇ ಇಷ್ಟೊಂದು ಪೈಪೋಟಿ.

ಗೊಂದಲದ ದಿನಗಳು

ಮೊದಲು ಪರಿಸ್ಥಿತಿ ಇದಕ್ಕೆ ವಿರುದ್ಧವಾಗಿತ್ತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಆಸ್ಪತ್ರೆಗಳು ಅಗ್ಗವಾಗಿ ದೊರೆಯುತ್ತಿದ್ದ ಇಂಟರ್ನ್‌ಗಳಿಗಾಗಿ ತಮ್ಮತಮ್ಮಲ್ಲಿಯೇ ಸ್ಪರ್ಧಿಸುತ್ತಿದ್ದವು. ಹುದ್ದೆಗಳು ಹೆಚ್ಚು, ಪದವೀಧರರು ಕಡಿಮೆ. ಒಂದು ಆಸ್ಪತ್ರೆಯು ತನ್ನ ನೆರೆಯದಕ್ಕಿಂತ ಒಂದು ತಿಂಗಳು ಮುಂಚೆ ವಿದ್ಯಾರ್ಥಿಗೆ ಕರೆ ಕಳುಹಿಸಿದರೆ, ಮರುವರ್ಷ ನೆರೆಯದು ಎರಡು ತಿಂಗಳು ಮುಂಚೆ ಕಳುಹಿಸುತ್ತಿತ್ತು. ಹೀಗೆ ಹಿಂದಕ್ಕೆ ಸರಿಯುತ್ತ ಸರಿಯುತ್ತ ೧೯೪೪ರ ಹೊತ್ತಿಗೆ ಕೆಲಸಕ್ಕೆ ಸೇರುವ ಎರಡು ವರ್ಷಗಳ ಮೊದಲೇ ವಿದ್ಯಾರ್ಥಿಗಳನ್ನು ಗೊತ್ತುಮಾಡಿಕೊಳ್ಳುವ ಸ್ಥಿತಿ ಬಂದಿತ್ತು. ಹುಡುಗನು ರೋಗಿಗಳನ್ನು ನೋಡಲು ತೊಡಗುವ ಮುನ್ನವೇ ಆತನು ಎಂಥ ವೈದ್ಯನಾಗುವನೆಂದು ನಿರ್ಣಯಿಸಬೇಕಾಗಿತ್ತೆಂದರೆ ಆ ವ್ಯವಸ್ಥೆಯ ಅಂದವನ್ನು ವಾಚಕರೇ ಊಹಿಸಿಕೊಳ್ಳಬಹುದು.

೧೯೪೫ರಲ್ಲಿ ವೈದ್ಯಕಾಲೇಜುಗಳು ಒಂದು ಕಟ್ಟುಪಾಡನ್ನು ಮಾಡಿಕೊಂಡವು. ಗೊತ್ತಾದ ದಿನಕ್ಕೆ ಮೊದಲು ಯಾವ ವಿದ್ಯಾರ್ಥಿಯ ಅಂಕಪಟ್ಟಿಯನ್ನೂ ಆಸ್ಪತ್ರೆಗಳಿಗೆ ಕೊಡಕೂಡದೆಂದು ನಿರ್ಧರಿಸಿದವು. ಇದರಿಂದ ಒಂದು ರೋಗ ಗುಣವಾಗಿ ಇನ್ನೊಂದು ತಲೆದೋರಿತು. ಎರಡನೆಯ ದರ್ಜೆಯ ಆಸ್ಪತ್ರೆಯಿಂದ ಕರೆ ಬಂದ ವಿದ್ಯಾರ್ಥಿಯು, ಮೊದಲನೆಯ ದರ್ಜೆಯದರಿಂದಲೂ ಬಂದೀತೆಂದು ಉತ್ತರವನ್ನು ಕೊಡದೆ ಕಾಯುತ್ತಿದ್ದನು. ಆಸ್ಪತ್ರೆಗಳಾದರೋ ತಡವಾದರೆ ಬೇರೆಯವರೂ ಕೈತಪ್ಪಿಹೋಗುವರೆಂದು ಅವಸರಪಡಿಸುತ್ತಿದ್ದವು. ಮೊದಲ ವರ್ಷ ಹತ್ತು ದಿನಗಳಿದ್ದ ಕಾಲಾವಕಾಶವು ವರ್ಷವರ್ಷಕ್ಕೂ ಕುಗ್ಗಿತು. ೧೯೪೯ರಲ್ಲಿ ಹನ್ನೆರಡು ಗಂಟೆಗಳ ಅವಧಿಯೂ ಹೆಚ್ಚಾಯಿತೆಂದು ತಳ್ಳಿಹಾಕುವವರೆಗೆ ಮುಟ್ಟಿತು. ಒಂದು ಕರೆಯನ್ನು ಒಪ್ಪಿಕೊಂಡ ಗಳಿಗೆಯಲ್ಲಿಯೇ ಅದಕ್ಕಿಂತ ಉತ್ತಮವಾದುದು ಬಂದು, ಕೊಟ್ಟ ಮಾತನ್ನು ಮುರಿಯುವ ಪ್ರಸಂಗಗಳು ಸಾಮಾನ್ಯವಾದವು.

ಕೊನೆಗೆ ಒಂದು ಹೊಸ ಉಪಾಯವನ್ನು ಹೂಡಲಾಯಿತು. ವಿದ್ಯಾರ್ಥಿಯು ತನಗೆ ಬೇಕಾದ ಆಸ್ಪತ್ರೆಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು. ಆಸ್ಪತ್ರೆಯು ತಾನು ಸಂದರ್ಶಿಸಿದವರನ್ನು ಅದೇ ರೀತಿಯಲ್ಲಿ ಬರೆದುಕೊಡಬೇಕು. ಒಂದು ಕೇಂದ್ರಸಂಸ್ಥೆಯು ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ಇಟ್ಟುಕೊಂಡು ಜೋಡಣೆ ಮಾಡಬೇಕು. ಆದರೆ ಮೊದಲು ಸೂಚಿತವಾದ ಕ್ರಮದಲ್ಲಿ, ಕೈಗೆ ಎಟುಕದ ಆಸ್ಪತ್ರೆಯನ್ನು ಮೊದಲು ಬರೆದವನು ಎರಡನೆಯದನ್ನೂ ಕಳೆದುಕೊಳ್ಳುವ ಸಂಭವವಿತ್ತು. ಈ ದೋಷವನ್ನು ವಿದ್ಯಾರ್ಥಿಗಳು ಎತ್ತಿ ತೋರಿಸಿದರು. ಹಾರ್ವರ್ಡ್ ವೈದ್ಯಶಾಲೆಯ ವಿದ್ಯಾರ್ಥಿಯಾಗಿದ್ದು ಮುಂದೆ ಮಕ್ಕಳ ಶಸ್ತ್ರವೈದ್ಯರಾಗಿ ಪ್ರಖ್ಯಾತರಾದ ಹಾರ್ಡಿ ಹೆಂಡ್ರೆನ್ ಅವರು ಈ ಆಕ್ಷೇಪಣೆಯ ಮುಂದಾಳುಗಳಲ್ಲೊಬ್ಬರು. ಅವರು ಸೂಚಿಸಿದ ತಿದ್ದುಪಡಿಯೊಡನೆ ೧೯೫೨ರಲ್ಲಿ ಮೊದಲನೆಯ ಜೋಡಣೆ ನಡೆಯಿತು. ಆಗ ಹುದ್ದೆಗಳು ಸುಮಾರು ೧೦,೪೦೦. ಅಮೆರಿಕದ ಕಾಲೇಜುಗಳಿಂದ ಹೊರಬಂದ ಪದವೀಧರರು ಸುಮಾರು ೬,೦೦೦.

ಹೊರನಾಡಿನ ವೈದ್ಯರ ಆಗಮನ

ಮೇಲಿನ ಎರಡು ಸಂಖ್ಯೆಗಳ ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ಅಮೆರಿಕದ ಪದವೀಧರರೆಲ್ಲರಿಗೂ ಸ್ಥಾನ ಸಿಕ್ಕ ಮೇಲೂ ನಾಲ್ಕು ಸಾವಿರಕ್ಕೂ ಹೆಚ್ಚು ಹುದ್ದೆಗಳು ಬರಿದಾಗಿ ಉಳಿಯುತ್ತಿದ್ದವು. ಈ ಬರಿದನ್ನು ತುಂಬಲು ಹೊರದೇಶಗಳ ವೈದ್ಯರು ಬರತೊಡಗಿದರು. ಹೀಗೆ ಬಂದವರ ಶಿಕ್ಷಣವು ಯಾವ ಮಟ್ಟದ್ದೆಂದು ಅಳೆಯಲು ೧೯೫೬ರಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಲಾಯಿತು. ಅದೇ ಇಂದು ಫಿಲಡೆಲ್ಫಿಯ ನಗರದಲ್ಲಿ ನೆಲೆಸಿರುವ ವಿದೇಶೀ ವೈದ್ಯಪದವೀಧರರ ಶಿಕ್ಷಣ ಆಯೋಗ, ಇ.ಸಿ.ಎಫ್.ಎಂ.ಜಿ. ಎಂಬ ಅಕ್ಷರಗಳಿಂದ ನಮ್ಮ ವೈದ್ಯವಿದ್ಯಾರ್ಥಿಗಳಿಗೆ ಪರಿಚಿತವಾದುದು. ಅದರ ಮೊದಲನೆಯ ಪರೀಕ್ಷೆ ೧೯೫೮ರಲ್ಲಿ ನಡೆಯಿತು.

೧೯೬೫ರ ವಲಸೆ ಕಾಯಿದೆಯು ಏಷ್ಯದವರಿಗೆ ಅಮೆರಿಕದ ಬಾಗಿಲನ್ನು ಅಗಲವಾಗಿ ತೆರೆಯಿತು. ಭಾರತದ ವೈದ್ಯರು ದೊಡ್ಡ ಸಂಖ್ಯೆಯಲ್ಲಿ ಹೊರಟುದು ಆಗಲೇ. ಹನ್ನೊಂದು ವರ್ಷಗಳ ಅನಂತರ, ೧೯೭೬ರಲ್ಲಿ, ದೇಶದಲ್ಲಿ ವೈದ್ಯರ ಕೊರತೆ ಇನ್ನಿಲ್ಲವೆಂದು ಅಲ್ಲಿಯ ಶಾಸನಸಭೆಯು ಸಾರಿ, ಮತ್ತೊಂದು ಕಾಯಿದೆಯಿಂದ ಆ ಬಾಗಿಲನ್ನು ಕಿರಿದುಮಾಡಿತು. ಕೊರತೆ ಬಂದಾಗ ತೆರೆಯುವುದು, ತುಂಬಿದಾಗ ಮುಚ್ಚುವುದು, ಹೀಗೆ ಈ ಬಾಗಿಲು ನಡೆದುಬಂದಿದೆ. ಆದರೂ ಇಂದು ಅಮೆರಿಕದ ವೈದ್ಯರಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಹೊರದೇಶಗಳಲ್ಲಿ ಕಲಿತವರು; ಅವರಲ್ಲಿ ಎಲ್ಲ ದೇಶಗಳಿಗಿಂತ ಭಾರತದಲ್ಲಿ ಕಲಿತವರೇ ಹೆಚ್ಚು.

ಜೋಡಣೆಯ ಕ್ರಮ

ಈಗ ಆ ಯಂತ್ರವು ಮಾಡುವ ಕೆಲಸವನ್ನು ಒಂದು ಚಿಕ್ಕ ಉದಾಹರಣೆಯಿಂದ ನೋಡೋಣ. ಕ, ಖ, ಗ ಎಂಬ ಮೂರು ಆಸ್ಪತ್ರೆಗಳಿವೆಯೆಂದೂ ಪ್ರತಿಯೊಂದರಲ್ಲಿಯೂ ಒಂದೊಂದೇ ಸ್ಥಾನವಿದೆಯೆಂದೂ ಇಟ್ಟುಕೊಳ್ಳೋಣ. ಅಭ್ಯರ್ಥಿಗಳು ನಾಲ್ವರು: ಕರ್ನಾಟಕದಲ್ಲಿ ಓದಿದ ಲಲಿತೆ, ಈಜಿಪ್ಟಿನಲ್ಲಿ ಓದಿದ ಒಮರ್, ಅಮೆರಿಕದಲ್ಲಿಯೇ ಓದಿದ ಜಾನ್ ಮತ್ತು ಮೇರಿ. ಇವರು ಬರೆದ ಪಟ್ಟಿಗಳು ಹೀಗಿವೆ:

ಲಲಿತೆ: ಮೊದಲು ಕ, ಅನಂತರ ಖ, ಅನಂತರ ಗ.
ಜಾನ್: ಮೊದಲು ಕ, ಅನಂತರ ಗ.
ಮೇರಿ: ಮೊದಲು ಖ, ಅನಂತರ ಕ, ಅನಂತರ ಗ.
ಒಮರ್: ಮೊದಲು ಕ, ಅನಂತರ ಖ. (ಗ ಆಸ್ಪತ್ರೆಯು ಆತನನ್ನು ಸಂದರ್ಶನಕ್ಕೆ ಕರೆಯಲಿಲ್ಲ.)

ಆಸ್ಪತ್ರೆಗಳ ಪಟ್ಟಿಗಳು ಹೀಗಿವೆ:

ಕ: ಮೇರಿ, ಲಲಿತೆ, ಜಾನ್, ಒಮರ್.
ಖ: ಲಲಿತೆ, ಮೇರಿ, ಒಮರ್.
ಗ: ಜಾನ್, ಲಲಿತೆ, ಮೇರಿ.

ನಿಯಮವಿಷ್ಟೆ. ಅಭ್ಯರ್ಥಿಗಳನ್ನು ಒಬ್ಬೊಬ್ಬರನ್ನಾಗಿ ತೆಗೆದುಕೊಂಡು, ಅವರವರ ಪಟ್ಟಿಯ ಮೊದಲನೆಯ ಆಸ್ಪತ್ರೆಯನ್ನು ಕೋರಬೇಕು. ಆಸ್ಪತ್ರೆಯಲ್ಲಿ ಜಾಗವಿದ್ದರೆ ಅದು ಅಭ್ಯರ್ಥಿಯನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳುತ್ತದೆ. ಅನಂತರ ಅದಕ್ಕಿಂತ ಮೇಲಿನ ಅಭ್ಯರ್ಥಿಯು ಬಂದರೆ ಹಿಂದಿನವನನ್ನು ಬಿಟ್ಟು ಹೊಸಬನನ್ನು ಇರಿಸಿಕೊಳ್ಳುತ್ತದೆ. ಬಿಡಲ್ಪಟ್ಟವನು ತನ್ನ ಪಟ್ಟಿಯ ಮುಂದಿನ ಆಸ್ಪತ್ರೆಯನ್ನು ಕೋರುತ್ತಾನೆ.

ಒಮರನಿಂದಲೇ ಪ್ರಾರಂಭಿಸೋಣ. ಆತನು ಕ ಆಸ್ಪತ್ರೆಯನ್ನು ಕೋರಿದನು. ಜಾಗವಿದ್ದುದರಿಂದ ತಾತ್ಕಾಲಿಕವಾಗಿ ಅಂಗೀಕೃತನಾದನು. ಈಗ ಜಾನ್ ಬಂದು ಕ ಆಸ್ಪತ್ರೆಯನ್ನು ಕೋರುತ್ತಾನೆ. ಅದರ ಪಟ್ಟಿಯಲ್ಲಿ ಜಾನ್ ಒಮರನಿಗಿಂತ ಮೇಲಿದ್ದಾನೆ. ಒಮರ್ ಹೊರಬಿದ್ದು ಖ ಆಸ್ಪತ್ರೆಗೆ ಹೋಗುತ್ತಾನೆ. ಅಲ್ಲಿ ಜಾಗವಿರುವುದರಿಂದ ನಿಲ್ಲುತ್ತಾನೆ. ಮೂರನೆಯವಳು ಲಲಿತೆ. ಕ ಆಸ್ಪತ್ರೆಯ ಪಟ್ಟಿಯಲ್ಲಿ ಆಕೆ ಜಾನನಿಗಿಂತ ಮೇಲಿರುವುದರಿಂದ ಆತನ ಜಾಗ ಆಕೆಯದಾಗುತ್ತದೆ. ಜಾನ್ ಗ ಆಸ್ಪತ್ರೆಗೆ ಹೋಗಿ ಸೇರುತ್ತಾನೆ. ಕೊನೆಗೆ ಮೇರಿ ಖ ಆಸ್ಪತ್ರೆಯನ್ನು ಕೋರುತ್ತಾಳೆ. ಅಲ್ಲಿಂದ ಒಮರ್ ಹೊರಬೀಳುತ್ತಾನೆ. ಆತನ ಪಟ್ಟಿ ಮುಗಿಯಿತು. ಹೀಗೆ ಲಲಿತೆಗೆ ಕ, ಮೇರಿಗೆ ಖ, ಜಾನನಿಗೆ ಗ, ಒಮರನಿಗೆ ಸ್ಥಾನವಿಲ್ಲ.

ಎಲ್ಲರಿಗಿಂತ ಮೊದಲು ಬಂದುದರಿಂದ ಒಮರನಿಗೆ ಯಾವ ಲಾಭವೂ ಆಗಲಿಲ್ಲ. ಕೊನೆಗೆ ಬಂದುದರಿಂದ ಮೇರಿಗೆ ಯಾವ ನಷ್ಟವೂ ಆಗಲಿಲ್ಲ. ಅಭ್ಯರ್ಥಿಗಳನ್ನು ಬೇರೆ ಯಾವ ಅನುಕ್ರಮದಲ್ಲಿ ತೆಗೆದುಕೊಂಡರೂ ಫಲಿತಾಂಶ ಇದೇ ಆಗುತ್ತದೆ. ವಾಚಕರು ಕಾಗದ ಪೆನ್ಸಿಲುಗಳನ್ನು ಹಿಡಿದು ಪರೀಕ್ಷಿಸಿ ನೋಡಬಹುದು. ಈ ಕೋರಿಕೆಗಳು ಎಂದೆಂದಿಗೂ ಮುಗಿಯದೆ ಸುತ್ತುತ್ತಿರಲಾರವೆ ಎಂಬ ಸಂದೇಹಕ್ಕೂ ಎಡೆಯಿಲ್ಲ. ಅಭ್ಯರ್ಥಿಯು ತನ್ನ ಪಟ್ಟಿಯಲ್ಲಿ ಕೆಳಕ್ಕೇ ಇಳಿಯುತ್ತಾನೆ, ಆಸ್ಪತ್ರೆಯು ತನ್ನ ಪಟ್ಟಿಯಲ್ಲಿ ಮೇಲಕ್ಕೇ ಏರುತ್ತದೆ, ಯಾರೂ ಹಿಂದಿರುಗುವುದಿಲ್ಲ. ಪಟ್ಟಿಗಳು ಮಿತವಾಗಿರುವುದರಿಂದ ಕೆಲಸವೂ ಮಿತವಾದ ಹೆಜ್ಜೆಗಳಲ್ಲಿ ಮುಗಿಯಲೇಬೇಕು.

ಸ್ಥಿರತೆ

ಹೀಗೆ ದೊರೆತ ಜೋಡಣೆಯ ವಿಶೇಷವೇನು? ಭೌತವಿಜ್ಞಾನದಲ್ಲಿ ಸ್ಥಿರ ಸಮತೋಲವೆಂಬ ಒಂದು ಭಾವನೆಯುಂಟು. ಬೋಗುಣಿಯ ತಳದಲ್ಲಿರುವ ಗೋಲಿಯನ್ನು ಕೊಂಚ ಪಕ್ಕಕ್ಕೆ ಸರಿಸಿದರೆ ಅದು ಪುನಃ ತಳಕ್ಕೇ ಬರುತ್ತದೆ. ಬೋರಲು ಹಾಕಿದ ಬೋಗುಣಿಯ ನೆತ್ತಿಯ ಮೇಲಿಟ್ಟ ಗೋಲಿಯಾದರೋ ಸ್ವಲ್ಪ ಅಲುಗಿದರೂ ಉರುಳಿಹೋಗುತ್ತದೆ. ೧೯೪೯ರ ಗೊಂದಲವು ಎರಡನೆಯ ತೆರನಾದುದು. ಮೇಲಿನ ಜೋಡಣೆಯು ಮೊದಲನೆಯ ತೆರನಾದುದು. ಅದು ಹೇಗೆಂದರೆ, ಒಮರನು ಕ ಆಸ್ಪತ್ರೆಗೆ ಹೋಗಿ ನನ್ನನ್ನು ತೆಗೆದುಕೊಳ್ಳಿರೆಂದು ಕೇಳಿದರೆ, ಅದು ತನಗೆ ಹೆಚ್ಚು ಇಷ್ಟಳಾದ ಲಲಿತೆ ಇರುವಾಗ ಒಪ್ಪುವುದಿಲ್ಲ. ಜಾನನಿಗೂ ಅದೇ ಉತ್ತರ. ಲಲಿತೆಯೂ ಮೇರಿಯೂ ತಮ್ಮ ಮೊದಲನೆಯ ಆಯ್ಕೆಯನ್ನೇ ಪಡೆದಿರುವುದರಿಂದ ಕದಲುವ ಇಚ್ಛೆಯೇ ಅವರಿಗಿಲ್ಲ. ಜೋಡಣೆಯನ್ನು ಮುರಿದು ಹೊರಗೆ ಒಪ್ಪಂದ ಮಾಡಿಕೊಳ್ಳಲು ಪರಸ್ಪರ ಇಷ್ಟವುಳ್ಳ ವೈದ್ಯನೂ ಆಸ್ಪತ್ರೆಯೂ ಎಲ್ಲಿಯೂ ಇಲ್ಲ. ಇದಕ್ಕೇ ಸ್ಥಿರ ಜೋಡಣೆಯೆಂದು ಹೆಸರು.

ಈ ಕ್ರಮವನ್ನು ಗಣಿತದ ಪ್ರಮೇಯವಾಗಿ ಮಂಡಿಸಿದವರು ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ. ೧೯೬೨ರಲ್ಲಿ ಒಂದು ಗಣಿತ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಶಾಪ್ಲಿಯವರು, ನಮ್ಮ ಸೂರ್ಯನು ಆಕಾಶಗಂಗೆಯ ಕೇಂದ್ರದಿಂದ ಬಹು ದೂರದಲ್ಲಿರುವನೆಂದು ತೋರಿಸಿಕೊಟ್ಟ ಖಗೋಳವಿಜ್ಞಾನಿ ಹಾರ್ಲೊ ಶಾಪ್ಲಿಯವರ ಮಗ. ವೈದ್ಯರ ಜೋಡಣೆಯಲ್ಲಿ ಹತ್ತು ವರ್ಷಗಳಿಂದ ಇದೇ ತತ್ತ್ವವು ಬಳಕೆಯಲ್ಲಿತ್ತೆಂಬುದು ಅವರಿಬ್ಬರಿಗೂ ತಿಳಿದಿರಲಿಲ್ಲ. ಎರಡೂ ಒಂದೇ ಎಂಬುದನ್ನು ಆಲ್ವಿನ್ ರಾತ್ ಎಂಬ ವಿದ್ವಾಂಸರು ೧೯೮೪ರಲ್ಲಿ ತೋರಿಸಿದರು. ೨೦೧೨ರ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ರಾತ್ ಮತ್ತು ಶಾಪ್ಲಿ ಇವರಿಬ್ಬರಿಗೆ ಸಂದಿತು. ಗೇಲ್ ಅವರು ೨೦೦೮ರಲ್ಲಿಯೇ ತೀರಿಕೊಂಡಿದ್ದರು.

ಪಟ್ಟಿಯಲ್ಲಿ ಚಾತುರ್ಯ ತೋರಿದರೆ?

ಹೊರನಾಡಿನ ಅಭ್ಯರ್ಥಿಗಳಿಗೆ ಹಿತಚಿಂತಕರು ಕೊಡುವ ಒಂದು ಸಲಹೆಯುಂಟು: "ದೊಡ್ಡ ಆಸ್ಪತ್ರೆಯನ್ನು ಮೊದಲು ಬರೆಯಬೇಡಿ, ಅದು ಸಿಕ್ಕುವುದಿಲ್ಲ, ಸಿಕ್ಕುವುದನ್ನೂ ಕಳೆದುಕೊಳ್ಳುತ್ತೀರಿ." ಈ ಸಲಹೆಯನ್ನು ನಮ್ಮ ಉದಾಹರಣೆಯಲ್ಲಿಯೇ ಪರೀಕ್ಷಿಸೋಣ. ಲಲಿತೆಯು ಅಂಜಿ, ಮನಸ್ಸಿನಲ್ಲಿ ಕ ಇದ್ದರೂ ಖ ಆಸ್ಪತ್ರೆಯನ್ನು ಮೊದಲು ಬರೆದಳೆಂದು ಭಾವಿಸೋಣ. ಆಗ ಖ ಆಸ್ಪತ್ರೆಯು ಆಕೆಯನ್ನು ಕೂಡಲೇ ಇರಿಸಿಕೊಳ್ಳುತ್ತದೆ, ಮೇರಿಯು ಕ ಆಸ್ಪತ್ರೆಗೆ ಹೋಗುತ್ತಾಳೆ. ಲಲಿತೆಗೆ ಸುಲಭವಾಗಿ ಸಿಗುತ್ತಿದ್ದ ಕ ಆಸ್ಪತ್ರೆಯು ಅಂಜಿಕೆಯೊಂದರಿಂದಲೇ ಕೈಬಿಟ್ಟಿತು. ಸತ್ಯವನ್ನೇ ಬರೆದಿದ್ದರೆ ಕಳೆದುಕೊಳ್ಳುವುದೇನಿತ್ತು? ಕ ಆಸ್ಪತ್ರೆಯು ನಿರಾಕರಿಸಿದ್ದರೂ, ಆಕೆ ಖ ಆಸ್ಪತ್ರೆಯನ್ನು ಕೋರುವಾಗ, ಮೊದಲೇ ಕೋರಿದ್ದರೆ ಎಷ್ಟು ಹಕ್ಕಿತ್ತೋ ಅಷ್ಟೇ ಹಕ್ಕು ಇರುತ್ತಿತ್ತು. ಏಕೆಂದರೆ ಅಲ್ಲಿಯ ಅಂಗೀಕಾರಗಳೆಲ್ಲ ಕಡೆಯವರೆಗೂ ತಾತ್ಕಾಲಿಕವಷ್ಟೆ.

ಅಭ್ಯರ್ಥಿಗಳೇ ಕೋರುವ ಕ್ರಮದಲ್ಲಿ ತನ್ನ ನಿಜವಾದ ಇಷ್ಟವನ್ನು ಬರೆಯುವುದಕ್ಕಿಂತ ಹೆಚ್ಚಿನ ಲಾಭವನ್ನು ಯಾವ ಚಾತುರ್ಯದಿಂದಲೂ ಪಡೆಯಲಾಗದೆಂದು ಗಣಿತಜ್ಞರು ಸಾಧಿಸಿದ್ದಾರೆ. ಯಾರ ಪರಿಚಯವೂ ಇಲ್ಲದ ಊರಿನಲ್ಲಿ, ಒಳಗಿನ ಗುಟ್ಟನ್ನು ಹೇಳಿಕೊಡುವವರಿಲ್ಲದ ಹೊರನಾಡಿನ ವೈದ್ಯನಿಗೆ ಇದು ದೊಡ್ಡ ರಕ್ಷಣೆ. ನಮ್ಮ ದೇಶದಲ್ಲಿಯೂ ೨೦೧೫ರಿಂದ ಐ.ಐ.ಟಿ., ಎನ್.ಐ.ಟಿ.ಗಳ ಜಂಟಿ ಸ್ಥಾನ ಹಂಚಿಕೆಯಲ್ಲಿ ಇದೇ ಜಾತಿಯ ಗಣನಕ್ರಮವು ಬಳಕೆಯಲ್ಲಿದೆ. ಆಯ್ಕೆಗಳ ಪಟ್ಟಿಯನ್ನು ತುಂಬುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಈ ಮಾತು ನೆನಪಿರಬೇಕು.

ಕೋರುವವರು ಯಾರು?

ಮೇಲಿನ ಲೆಕ್ಕವನ್ನು ತಿರುಗಿಸಿ, ಆಸ್ಪತ್ರೆಗಳೇ ವೈದ್ಯರನ್ನು ಕೋರಲೆಂದು ಬಿಟ್ಟರೆ ಏನಾಗುವುದು? ಕ ಆಸ್ಪತ್ರೆಯು ಮೇರಿಯನ್ನು, ಖ ಆಸ್ಪತ್ರೆಯು ಲಲಿತೆಯನ್ನು, ಗ ಆಸ್ಪತ್ರೆಯು ಜಾನನನ್ನು ಕೋರುತ್ತದೆ. ಒಬ್ಬೊಬ್ಬರಿಗೂ ಬಂದುದು ಒಂದೊಂದೇ ಕರೆ, ಎಲ್ಲರೂ ಒಪ್ಪುತ್ತಾರೆ. ಇದೂ ಸ್ಥಿರವಾದ ಜೋಡಣೆಯೇ. ಆದರೆ ಇಲ್ಲಿ ಆಸ್ಪತ್ರೆಗಳಿಗೆಲ್ಲ ಮೊದಲನೆಯ ಆಯ್ಕೆ ದೊರೆತಿದೆ, ಲಲಿತೆ ಮೇರಿಯರಿಗೆ ಎರಡನೆಯದು. ಕೋರುವ ಪಕ್ಷಕ್ಕೆ ಅನುಕೂಲ ಹೆಚ್ಚೆಂಬುದು ಇದರಿಂದ ವ್ಯಕ್ತವಾಗುತ್ತದೆ.

೧೯೫೨ರಿಂದ ಬಳಕೆಯಲ್ಲಿದ್ದ ಕ್ರಮವು ಆಸ್ಪತ್ರೆಗಳು ಕೋರುವ ಕ್ರಮಕ್ಕೆ ಸಮನಾದುದೆಂದು ರಾತ್ ಅವರು ತೋರಿಸಿದಾಗ ವಿದ್ಯಾರ್ಥಿಗಳಲ್ಲಿ ಅಸಮಾಧಾನ ಹುಟ್ಟಿದುದು ಸಹಜ. ಆಗ ರಾತ್ ಅವರಿಗೇ ಹೊಸ ಕ್ರಮವನ್ನು ರಚಿಸುವ ಕೆಲಸ ಬಂದಿತು. ಎಲಿಯಟ್ ಪೆರಾನ್ಸನ್ ಅವರ ಜೊತೆಗೂಡಿ ಅವರು ರಚಿಸಿದ, ಅಭ್ಯರ್ಥಿಗಳೇ ಕೋರುವ ಕ್ರಮವು ೧೯೯೮ರ ಜೋಡಣೆಯಿಂದ ಜಾರಿಗೆ ಬಂದಿದೆ. ಗಂಡಹೆಂಡಿರಿಬ್ಬರೂ ವೈದ್ಯರಾಗಿದ್ದು ಒಂದೇ ಊರನ್ನು ಬಯಸುವ ತೊಡಕನ್ನೂ ಅದು ನಿಭಾಯಿಸಬಲ್ಲುದು. ಸಾವಿರಾರು ಮಂದಿಯ ನೈಜ ಪಟ್ಟಿಗಳ ಮೇಲೆ ಎರಡೂ ಕ್ರಮಗಳನ್ನು ಪ್ರಯೋಗಿಸಿ ನೋಡಿದಾಗ ವ್ಯತ್ಯಾಸ ಕಂಡುಬಂದುದು ಸಾವಿರದಲ್ಲಿ ಒಬ್ಬ ಅಭ್ಯರ್ಥಿಗೆ ಮಾತ್ರ. ಅಷ್ಟು ಅಲ್ಪವಾದರೂ ಆ ಒಬ್ಬನಿಗೆ ಅದು ಅಲ್ಪವಲ್ಲ.

ಬದಲಾಗದ ಸಂಖ್ಯೆ

ಇನ್ನು ಒಮರನ ಕಡೆಗೆ ತಿರುಗೋಣ. ವೈದ್ಯರು ಕೋರಿದಾಗಲೂ ಆತನಿಗೆ ಸ್ಥಾನವಿರಲಿಲ್ಲ, ಆಸ್ಪತ್ರೆಗಳು ಕೋರಿದಾಗಲೂ ಇರಲಿಲ್ಲ. ಇದು ಆಕಸ್ಮಿಕವಲ್ಲ. ದಂಪತಿಗಳ ತೊಡಕನ್ನು ಬಿಟ್ಟರೆ, ಒಂದೇ ಪಟ್ಟಿಗಳ ಸಮೂಹಕ್ಕೆ ಎಷ್ಟು ಬಗೆಯ ಸ್ಥಿರ ಜೋಡಣೆಗಳಿದ್ದರೂ ಅವೆಲ್ಲದರಲ್ಲಿಯೂ ಸ್ಥಾನವಿಲ್ಲದೆ ಉಳಿಯುವವರು ಅವರೇ ಆಗಿರುತ್ತಾರೆ. ಬರಿದಾಗಿ ಉಳಿಯುವ ಹುದ್ದೆಗಳೂ ಅಷ್ಟೇ. ಶಕ್ತಿಯ ನಿತ್ಯತ್ವವನ್ನು ಪಾಠ ಹೇಳುವ ನಮಗೆ ಇದನ್ನು ಕಂಡಾಗ ಹಳೆಯ ಪರಿಚಿತನನ್ನು ಕಂಡಂತಾಯಿತು. ರೂಪಗಳು ಬದಲಾಗುತ್ತವೆ, ಮೊತ್ತ ಬದಲಾಗದು.

ಈ ಪ್ರಮೇಯಕ್ಕೆ ಹಳ್ಳಿಯ ಆಸ್ಪತ್ರೆಗಳ ಪ್ರಮೇಯವೆಂದೇ ಹೆಸರು ಬಂದಿದೆ. ಅಮೆರಿಕದ ಗ್ರಾಮಾಂತರ ಆಸ್ಪತ್ರೆಗಳು ವರ್ಷವರ್ಷವೂ ಹುದ್ದೆಗಳನ್ನು ತುಂಬಲಾರದೆ, ಜೋಡಣೆಯ ಕ್ರಮವನ್ನು ಬದಲಿಸಿದರೆ ತಮಗೂ ವೈದ್ಯರು ಬಂದಾರೇ ಎಂದು ಕೇಳುತ್ತಿದ್ದವು. ಸ್ಥಿರತೆಯನ್ನು ಉಳಿಸಿಕೊಂಡು ಹಾಗೆ ಮಾಡುವುದು ಅಸಾಧ್ಯವೆಂಬುದೇ ಗಣಿತದ ಉತ್ತರ. ಯಾರಿಗೂ ಬೇಡವಾದ ಊರಿಗೆ ವೈದ್ಯನನ್ನು ಕಳುಹಿಸಬೇಕಾದರೆ ಲೆಕ್ಕದ ಹೊರಗಿನ ಉಪಾಯವೇ ಬೇಕು. ಆ ಉಪಾಯವು ಯಾವುದೆಂಬುದು ಮುಂದೆ ತಿಳಿಯುತ್ತದೆ.

ಯಂತ್ರಕ್ಕೆ ಮೊದಲಿನ ಬಾಗಿಲುಗಳು

ಗಣಕಯಂತ್ರವು ಅಭ್ಯರ್ಥಿಯ ದೇಶವನ್ನು ಕೇಳುವುದಿಲ್ಲ, ಹೆಸರನ್ನು ನೋಡುವುದಿಲ್ಲ. ಪಟ್ಟಿಗಳನ್ನು ಮಾತ್ರ ನೋಡುತ್ತದೆ. ಆದರೂ ಫಲಿತಾಂಶಗಳಲ್ಲಿ ಅಂತರವು ದೊಡ್ಡದಾಗಿದೆ. ೨೦೨೪ರಲ್ಲಿ ೪೧,೫೦೩ ಸ್ಥಾನಗಳಿಗಾಗಿ ೪೪ ಸಾವಿರಕ್ಕೂ ಹೆಚ್ಚು ಮಂದಿ ಪಟ್ಟಿಯನ್ನು ಸಲ್ಲಿಸಿದ್ದರು. ಅಮೆರಿಕದ ಎಂ.ಡಿ. ಕಾಲೇಜುಗಳ ಅಂತಿಮ ವರ್ಷದವರಲ್ಲಿ ನೂರಕ್ಕೆ ೯೩.೫ ಮಂದಿಗೆ ಮೊದಲ ವರ್ಷದ ಸ್ಥಾನ ದೊರೆಯಿತು. ಹೊರದೇಶದಲ್ಲಿ ಓದಿದ, ಅಮೆರಿಕದ ಪ್ರಜೆಗಳಲ್ಲದವರಲ್ಲಿ ದೊರೆತುದು ನೂರಕ್ಕೆ ೫೮.೫ ಮಂದಿಗೆ ಮಾತ್ರ. ಪಟ್ಟಿಯನ್ನು ಸಲ್ಲಿಸುವ ಮಟ್ಟಕ್ಕೆ ಬಂದವರಲ್ಲಿಯೇ ನಲವತ್ತಕ್ಕೂ ಹೆಚ್ಚು ಮಂದಿ ಬರಿಗೈಯಲ್ಲಿ ಉಳಿದರು. ಒಂದು ಸಂದರ್ಶನವೂ ದೊರೆಯದೆ ಪಟ್ಟಿಯನ್ನೇ ಬರೆಯಲಾಗದವರು ಈ ಲೆಕ್ಕದಲ್ಲಿಲ್ಲ.

ಅಂತರವು ಹುಟ್ಟುವುದು ಯಂತ್ರಕ್ಕೆ ಮೊದಲಿನ ಬಾಗಿಲುಗಳಲ್ಲಿ. ಮೊದಲನೆಯದು ಪರೀಕ್ಷೆಗಳ ಬಾಗಿಲು. ಅಭ್ಯರ್ಥಿಯ ಕಾಲೇಜು ಅಂಗೀಕೃತವಾಗಿರಬೇಕು. ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಎರಡು ಭಾಗಗಳಲ್ಲಿ ತೇರ್ಗಡೆಯಾಗಬೇಕು. ರೋಗಿಗಳೊಡನೆ ಇಂಗ್ಲಿಷಿನಲ್ಲಿ ವ್ಯವಹರಿಸುವ ಸಾಮರ್ಥ್ಯವನ್ನು ತೋರಬೇಕು. ಆಗ ಮಾತ್ರ ಆಯೋಗದ ಪ್ರಮಾಣಪತ್ರ ಸಿಗುತ್ತದೆ. ಇವುಗಳ ಶುಲ್ಕ, ಅರ್ಜಿಗಳ ಶುಲ್ಕ, ಪ್ರಯಾಣ, ಅಲ್ಲಿಯ ವಾಸ ಎಲ್ಲವೂ ಸೇರಿ ಖರ್ಚು ಲಕ್ಷಗಟ್ಟಲೆ ರೂಪಾಯಿಗಳನ್ನು ಮುಟ್ಟುತ್ತದೆ. ೨೦೨೨ರ ಜನವರಿಯಿಂದ ಮೊದಲನೆಯ ಭಾಗದಲ್ಲಿ ಅಂಕಗಳನ್ನು ಕೊಡುವುದು ನಿಂತು, ತೇರ್ಗಡೆ ಅಥವಾ ಅನುತ್ತೀರ್ಣ ಎಂದಷ್ಟೇ ತಿಳಿಸುತ್ತಾರೆ. ಹೆಸರು ಕೇಳಿರದ ದೂರದ ಕಾಲೇಜಿನಿಂದ ಬಂದವನು ಹೆಚ್ಚಿನ ಅಂಕಗಳಿಂದ ತನ್ನನ್ನು ತೋರಿಸಿಕೊಳ್ಳುವ ಒಂದು ಅವಕಾಶವು ಇದರಿಂದ ಕಡಿಮೆಯಾಯಿತು. ಎರಡನೆಯ ಭಾಗದ ಅಂಕಗಳಿಗೆ ಬೆಲೆ ಏರಿತು.

ಎರಡನೆಯದು ಸಂದರ್ಶನದ ಬಾಗಿಲು. ಸಾವಿರಾರು ಅರ್ಜಿಗಳು ಬರುವ ಆಸ್ಪತ್ರೆಯು ಎಲ್ಲವನ್ನೂ ಓದಲಾರದೆ ಜರಡಿ ಹಿಡಿಯುತ್ತದೆ. ಪದವಿಯಾಗಿ ಎಷ್ಟು ವರ್ಷಗಳಾದುವು, ಅಮೆರಿಕದ ಆಸ್ಪತ್ರೆಯಲ್ಲಿ ಕೆಲಸ ನೋಡಿದ ಅನುಭವವುಂಟೆ, ವೀಸಾ ಬೇಕಾಗುವುದೆ, ಇಂಥ ಪ್ರಶ್ನೆಗಳು ಆ ಜರಡಿಯ ಕಣ್ಣುಗಳು. ನಮ್ಮ ಉದಾಹರಣೆಯ ಒಮರನನ್ನು ಗ ಆಸ್ಪತ್ರೆಯು ಕರೆಯದೆ ಹೋದುದು ಇಲ್ಲಿ. ಆತನ ಪಟ್ಟಿ ಎರಡೇ ಹೆಸರುಗಳಿಗೆ ನಿಂತುದರಿಂದ, ಲೆಕ್ಕವು ಪ್ರಾರಂಭವಾಗುವ ಮುನ್ನವೇ ಆತನ ಪಾಲಿನ ಸಾಧ್ಯತೆ ಕುಗ್ಗಿತ್ತು.

ಮೂರನೆಯದು ಸ್ಥಾನಗಳ ಮಿತಿ. ಅಮೆರಿಕದಲ್ಲಿ ರೆಸಿಡೆನ್ಸಿಯ ವೆಚ್ಚದ ಬಹುಭಾಗವನ್ನು ಮೆಡಿಕೇರ್ ಎಂಬ ಸರ್ಕಾರಿ ಯೋಜನೆಯು ಭರಿಸುತ್ತದೆ. ಹೀಗೆ ಸರ್ಕಾರದ ಹಣ ದೊರೆಯುವ ಸ್ಥಾನಗಳಿಗೆ ೧೯೯೭ರ ಒಂದು ಕಾಯಿದೆಯು ಮಿತಿಯನ್ನು ಹಾಕಿತು. ೨೦೨೦ರ ಕೊನೆಯಲ್ಲಿ ಒಂದು ಸಾವಿರ ಸ್ಥಾನಗಳನ್ನು ಸೇರಿಸಲು ಒಪ್ಪಿಗೆ ದೊರೆಯುವವರೆಗೆ ಆ ಮಿತಿಯು ಹೆಚ್ಚುಕಡಿಮೆ ಹಾಗೆಯೇ ನಿಂತಿತ್ತು. ಮೂರು ಕುರ್ಚಿಗಳಿಗೆ ನಾಲ್ವರು ಬಂದಾಗ ಎಷ್ಟು ನ್ಯಾಯವಾಗಿ ಹಂಚಿದರೂ ಒಬ್ಬನು ನಿಲ್ಲಲೇಬೇಕು.

ಸ್ಥಾನ ದೊರೆತ ಮೇಲಿನ ಬಾಗಿಲು ವೀಸಾದ್ದು. ವಿದೇಶೀ ವೈದ್ಯರಲ್ಲಿ ಬಹು ಮಂದಿ ಜೆ-೧ ಎಂಬ ವಿನಿಮಯ ವೀಸಾದ ಮೇಲೆ ಹೋಗುತ್ತಾರೆ. ಅದಕ್ಕೆ ಭಾರತ ಸರ್ಕಾರದ ಆರೋಗ್ಯ ಸಚಿವಾಲಯವು, ಇಂಥ ಶಾಖೆಯಲ್ಲಿ ತರಬೇತಾದ ವೈದ್ಯರು ನಮ್ಮ ದೇಶಕ್ಕೆ ಬೇಕಾಗಿದ್ದಾರೆಂದು ಬರೆದುಕೊಡಬೇಕು. ತರಬೇತಿ ಮುಗಿದ ಮೇಲೆ ವೈದ್ಯನು ಎರಡು ವರ್ಷ ಸ್ವದೇಶದಲ್ಲಿರಬೇಕು. ಈ ಎರಡು ವರ್ಷಗಳಿಂದ ವಿನಾಯಿತಿ ಪಡೆಯುವ ಒಂದು ಮಾರ್ಗವನ್ನು ೧೯೯೪ರಲ್ಲಿ ಕಾನ್ರಡ್ ಎಂಬ ಶಾಸನಸಭಾ ಸದಸ್ಯರ ಹೆಸರಿನ ಯೋಜನೆಯು ತೆರೆಯಿತು. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಸೇವೆ ಸಲ್ಲಿಸಲು ಒಪ್ಪಿದವರಿಗೆ ಅಲ್ಲಿಯೇ ಉಳಿಯಲು ಅನುಮತಿ ದೊರೆಯುತ್ತದೆ; ಇಂದು ಪ್ರತಿ ರಾಜ್ಯಕ್ಕೂ ವರ್ಷಕ್ಕೆ ಮೂವತ್ತು ಮಂದಿಯವರೆಗೆ ಅವಕಾಶವಿದೆ. ಗಣಿತವು ಹಳ್ಳಿಯ ಆಸ್ಪತ್ರೆಗಳಿಗೆ ಕೊಡಲಾರದ ವೈದ್ಯರನ್ನು ಕಾಯಿದೆಯು ಕೊಡುತ್ತಿರುವುದು ಹೀಗೆ. ಕಾನ್ಸಾಸ್, ಡಕೋಟಾಗಳ ಸಣ್ಣ ಊರುಗಳಲ್ಲಿ ಭಾರತದ ವೈದ್ಯರು ಕಾಣಸಿಗುವುದಕ್ಕೆ ಇದೂ ಒಂದು ಕಾರಣ. ಎರಡು ವರ್ಷ ನಮಗೆ ಸಲ್ಲಬೇಕಾಗಿದ್ದ ಸೇವೆಯು ಅಲ್ಲಿಯ ಹಳ್ಳಿಗೆ ಸಲ್ಲುತ್ತಿದೆಯೆಂಬುದನ್ನೂ, ವೈದ್ಯರಿಗಾಗಿ ಕಾಯುವ ಹಳ್ಳಿಗಳು ನಮ್ಮಲ್ಲಿಯೂ ಇವೆಯೆಂಬುದನ್ನೂ ನಾವು ಮರೆಯಲಾಗದು.

ತಿಳಿದು ಹೊರಡುವುದು

ಮುಂದೆ ವೈದ್ಯರಾಗಬೇಕೆಂದಿರುವ ನಮ್ಮ ವಾಚಕರಲ್ಲಿ ಕೆಲವರು ಈ ಹಾದಿಯಲ್ಲಿ ಹೆಜ್ಜೆಯಿಡಬಹುದು. ಅವರನ್ನು ಹುರಿದುಂಬಿಸುವುದಾಗಲಿ ತಡೆಯುವುದಾಗಲಿ ನಮ್ಮ ಉದ್ದೇಶವಲ್ಲ. ಮಾರ್ಚ್ ತಿಂಗಳ ಆ ಸೋಮವಾರದ ಸಂದೇಶವನ್ನು ಹಣೆಬರಹವೆಂದು ತಿಳಿಯುವುದು ಸರಿಯಲ್ಲ. ಅದನ್ನು ಅಭ್ಯರ್ಥಿಯ ಯೋಗ್ಯತೆಯ ತೀರ್ಪೆಂದು ತಿಳಿಯುವುದು ಅದಕ್ಕಿಂತ ದೊಡ್ಡ ತಪ್ಪು. ಒಂದು ವರ್ಷದ ಪಟ್ಟಿಗಳೂ ಒಂದು ವರ್ಷದ ಸ್ಥಾನಗಳೂ ಸೇರಿ ಕೊಟ್ಟ ಉತ್ತರವಷ್ಟೆ ಅದು. ಸ್ಥಾನ ಸಿಗದವರಿಗೆ ಅದೇ ವಾರದಲ್ಲಿ ಉಳಿದ ಹುದ್ದೆಗಳ ಪೂರಕ ಹಂಚಿಕೆ ನಡೆಯುತ್ತದೆ. ಮರುವರ್ಷ ಮತ್ತೆ ಪ್ರಯತ್ನಿಸಿ ಗೆದ್ದವರೂ ಇದ್ದಾರೆ.

ಆದ್ದರಿಂದ ಪಟ್ಟಿಯನ್ನು ಬರೆಯುವ ದಿನ ಮನಸ್ಸಿನಲ್ಲಿರುವುದನ್ನೇ ನಿರ್ಭಯವಾಗಿ ಬರೆಯತಕ್ಕದ್ದು. ಅಲ್ಲಿ ಚಾತುರ್ಯಕ್ಕೆ ಕೆಲಸವಿಲ್ಲ. ಪರಿಶ್ರಮಕ್ಕೂ ಎಚ್ಚರಕ್ಕೂ ಕೆಲಸವಿರುವುದು ಅದಕ್ಕೆ ಮೊದಲಿನ ಬಾಗಿಲುಗಳಲ್ಲಿ. ಆ ಬಾಗಿಲುಗಳ ನಿಯಮಗಳು ಆಗಾಗ ಬದಲಾಗುತ್ತಿರುವುದರಿಂದ, ಹಣವನ್ನು ಕಟ್ಟುವ ಮುನ್ನ ಆಯಾ ವರ್ಷದ ನಿಯಮಗಳನ್ನು ಮೂಲದಲ್ಲಿಯೇ ಓದಿಕೊಳ್ಳಬೇಕು. ನೂರರಲ್ಲಿ ನಲವತ್ತು ಮಂದಿ ಬರಿಗೈಯಲ್ಲಿ ಹಿಂದಿರುಗುವ ಹಾದಿಯಿದು ಎಂಬುದನ್ನು ಮನೆಯವರಿಗೂ ಮೊದಲೇ ತಿಳಿಸಿ, ಹಾಗಾದರೆ ಮುಂದೇನೆಂಬುದನ್ನು ಕೂಡಿ ಯೋಚಿಸಿಟ್ಟುಕೊಂಡು ಹೊರಡುವುದು ವಿವೇಕ.